ಕ್ರ್ಯಾನ್‌ಬೆರಿಯ ರಸಾಯನ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಒಣಹಣ್ಣಿನ ಅಂಗಡಿಗಳಲ್ಲಿ ದ್ರಾಕ್ಷಿ, ಗೋಡಂಬಿ, ಅಂಜೂರಗಳ ಪಕ್ಕದಲ್ಲಿ ಕಡುಗೆಂಪು ಬಣ್ಣದ, ಸುಕ್ಕುಗಟ್ಟಿದ ಕ್ರ್ಯಾನ್‌ಬೆರಿಯ ರಾಶಿಯೂ ಎದ್ದು ಕಾಣುತ್ತದೆ. ಕೇಕಿಗೆಂದು ಕೊಂಡು, ದಾರಿಯಲ್ಲೇ ಒಂದೆರಡನ್ನು ಬಾಯಿಗೆ ಹಾಕಿಕೊಂಡವರು ಇದೊಂದು ಸಿಹಿಹಣ್ಣು ಎಂದೇ ತಿಳಿಯುತ್ತಾರೆ. ಆದರೆ ಆ ಸಿಹಿ ಹಣ್ಣಿನದಲ್ಲ. ತಾಜಾ ಕ್ರ್ಯಾನ್‌ಬೆರಿಯ 100 ಗ್ರಾಂನಲ್ಲಿ ಸುಮಾರು 87 ಗ್ರಾಂ ನೀರೇ ಇರುತ್ತದೆ. ಸಕ್ಕರೆ ಕೇವಲ 4 ಗ್ರಾಂನಷ್ಟು. ಅಷ್ಟೇ ತೂಕದ ಮಾವಿನ ಹಣ್ಣಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ. ಕ್ರ್ಯಾನ್‌ಬೆರಿ ರಸದ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 2.5ರ ಆಸುಪಾಸಿನಲ್ಲಿರುವುದರಿಂದ ಹುಳಿಯಲ್ಲಿ ಅದು ನಿಂಬೆರಸದ ಹತ್ತಿರಕ್ಕೇ ಬರುತ್ತದೆ. ಇಂಥ ಹಣ್ಣಿನಿಂದ ಉತ್ತರ ಅಮೆರಿಕದವರೂ ಉತ್ತರ ಯೂರೋಪಿನವರೂ ಇಷ್ಟೊಂದು ಬಗೆಯ ಸಿಹಿತಿನಿಸುಗಳನ್ನು ಹೇಗೆ ಮಾಡಿಕೊಂಡರು ಎಂಬುದು ನನಗೆ ಬಹಳ ಕಾಲದಿಂದ ಕುತೂಹಲದ ವಿಷಯ.

ಬೇಕರಿಗಳಲ್ಲಿ ಸಿಗುವ ಕ್ರ್ಯಾನ್‌ಬೆರಿಯ ಸಸ್ಯಶಾಸ್ತ್ರೀಯ ಹೆಸರು ವ್ಯಾಕ್ಸಿನಿಯಂ ಮ್ಯಾಕ್ರೋಕಾರ್ಪನ್. ಬ್ಲೂಬೆರಿ ಇದರ ಹತ್ತಿರದ ನೆಂಟ. ಹುಳಿಮಣ್ಣಿನ ಜೌಗುನೆಲದಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಈ ಬಳ್ಳಿಯನ್ನು ಬೇಸಾಯಕ್ಕೆ ತಂದವನು ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನ ಹೆನ್ರಿ ಹಾಲ್. ಗಾಳಿಗೆ ಹಾರಿಬಂದ ಮರಳು ಬಿದ್ದ ಕಡೆ ಬಳ್ಳಿ ಹೆಚ್ಚು ಹುಲುಸಾಗಿ ಬೆಳೆಯುವುದನ್ನು ಗಮನಿಸಿ, 1816ರ ಹೊತ್ತಿಗೆ ಅವನು ಈ ಕೃಷಿಯನ್ನು ಆರಂಭಿಸಿದನು. ಇಂದು ಅಮೆರಿಕದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದಿಂದಲೇ ಬರುತ್ತದೆ. ತಿಂಗಳುಗಟ್ಟಲೆ ಕೊರೆಯುವ ಚಳಿಯನ್ನು ಕಂಡ ಮೇಲೆಯೇ ಹೂಬಿಡುವ ಗಿಡವಾದ್ದರಿಂದ ಬೆಂಗಳೂರಿನ ಚಳಿಗಾಲ ಅದಕ್ಕೆ ಏನೇನೂ ಸಾಲದು.

ಈ ಹಣ್ಣಿನ ರುಚಿಯಲ್ಲಿ ಎರಡು ಎಳೆಗಳಿವೆ. ಒಂದು ಹುಳಿ. ಸಿಟ್ರಿಕ್, ಮ್ಯಾಲಿಕ್ ಮತ್ತು ಕ್ವಿನಿಕ್ ಆಮ್ಲಗಳು ಅದಕ್ಕೆ ಕಾರಣ. ಇನ್ನೊಂದು ಒಗರು. ನೇರಳೆ ಹಣ್ಣನ್ನೋ ಎಳೆಯ ಬಾಳೆಕಾಯಿಯನ್ನೋ ಕಚ್ಚಿದಾಗ ನಾಲಿಗೆ ಬಿಗಿದುಕೊಳ್ಳುವ ಆ ಅನುಭವ ನಿಜಕ್ಕೂ ರುಚಿಗಿಂತ ಸ್ಪರ್ಶಕ್ಕೆ ಹತ್ತಿರವಾದದ್ದು. ಹಣ್ಣಿನಲ್ಲಿರುವ ಪ್ರೊಆಂಥೋಸಯನಿಡಿನ್ ಎಂಬ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುವುದರಿಂದ ಜೊಲ್ಲಿನ ಜಾರುತನ ಕಡಿಮೆಯಾಗಿ ಬಾಯಿ ಒಣಗಿದಂತಾಗುತ್ತದೆ. ಕ್ರ್ಯಾನ್‌ಬೆರಿಯ ಸಿಹಿತಿನಿಸುಗಳೆಲ್ಲವೂ ಈ ಹುಳಿ ಮತ್ತು ಒಗರುಗಳನ್ನು ಪಳಗಿಸಿಕೊಂಡ ಬೇರೆ ಬೇರೆ ದಾರಿಗಳು ಎಂದು ನನಗೆ ಅನ್ನಿಸುತ್ತದೆ.

ಸಕ್ಕರೆ ಹುಳಿಯನ್ನು ಕಡಿಮೆ ಮಾಡುತ್ತದೆ ಎಂದು ನಾವು ಹೇಳುವುದುಂಟು. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಸರಿಯಲ್ಲ. ಸಕ್ಕರೆ ಆಮ್ಲವನ್ನು ತಟಸ್ಥಗೊಳಿಸುವುದಿಲ್ಲ. ಎಷ್ಟು ಸುರಿದರೂ ರಸದ ಆಮ್ಲೀಯತೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಸಿಹಿ ಮತ್ತು ಹುಳಿ ಒಟ್ಟಿಗೆ ನಾಲಿಗೆಗೆ ಬಿದ್ದಾಗ ಒಂದರ ತೀವ್ರತೆಯನ್ನು ಇನ್ನೊಂದು ತಗ್ಗಿಸುವುದು ನಮ್ಮ ಗ್ರಹಿಕೆಯಲ್ಲಿ. ಅನಾನಸ್ ಗೊಜ್ಜು ಮಾಡುವವರಿಗೆ ಇದು ಹೊಸ ವಿಷಯವೇನೂ ಅಲ್ಲ. ಹುಣಸೆ, ಬೆಲ್ಲ, ಉಪ್ಪು ಮೂರನ್ನೂ ಹಾಕಿ ಯಾವುದೊಂದೂ ಮುಂದೆ ಬಾರದಂತೆ ಕುದಿಸುವ ಆ ಕೈಹದವೇ ಕ್ರ್ಯಾನ್‌ಬೆರಿಗೂ ಬೇಕಾದದ್ದು. ಒಂದು ಚಿಟಿಕೆ ಉಪ್ಪು ಇಲ್ಲಿಯೂ ಅಗತ್ಯ. ಅದರಲ್ಲಿರುವ ಸೋಡಿಯಂ ಕಹಿಯನ್ನು ಅಡಗಿಸುತ್ತದೆ.

ಎಲ್ಲಕ್ಕಿಂತ ಸರಳವಾದ ತಿನಿಸು ಸಾಸ್. ಅಮೆರಿಕದ ಮನೆಗಳಲ್ಲಿ ಇದು ಊಟದ ಜೊತೆಗೆ ಬಡಿಸುವ ವ್ಯಂಜನವಾದರೂ ಪೈ, ಟಾರ್ಟ್, ಚೀಸ್‌ಕೇಕುಗಳ ಅರ್ಧ ಕೆಲಸ ಇದರಲ್ಲೇ ಮುಗಿದಿರುತ್ತದೆ. ಸುಮಾರು 340 ಗ್ರಾಂ ಹಣ್ಣಿಗೆ 200 ಗ್ರಾಂ ಸಕ್ಕರೆ, ಒಂದು ಲೋಟ ನೀರು ಸೇರಿಸಿ ಒಲೆಯ ಮೇಲಿಟ್ಟರೆ, ಒಳಗಿನ ನೀರು ಆವಿಯಾಗಿ ಒತ್ತಿ ಹಣ್ಣುಗಳು ಒಂದೊಂದಾಗಿ ಪಟಪಟನೆ ಸಿಡಿಯತೊಡಗುತ್ತವೆ. ಹತ್ತು ನಿಮಿಷದಲ್ಲಿ ಇಳಿಸಿಬಿಡಬಹುದು. ಬಿಸಿಯಿರುವಾಗ ನೀರುನೀರಾಗಿ ಕಂಡ ಸಾಸ್ ಆರಿದಂತೆ ತಾನಾಗಿಯೇ ಗಟ್ಟಿಯಾಗುತ್ತದೆ. ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಉದ್ದ ಸರಪಳಿಯಂಥ ಅಣುಗಳು ಬೇಯುವಾಗ ಬಿಡಿಸಿಕೊಂಡು ನೀರಿಗೆ ಬರುತ್ತವೆ. ಋಣ ವಿದ್ಯುದಂಶವಿರುವುದರಿಂದ ಈ ಸರಪಳಿಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಆಮ್ಲ ಆ ವಿದ್ಯುದಂಶವನ್ನು ಕಳೆಯುತ್ತದೆ, ಸಕ್ಕರೆ ಸುತ್ತಲಿನ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆಗ ಸರಪಳಿಗಳು ಪರಸ್ಪರ ಹೆಣೆದುಕೊಂಡು ಬಲೆಯಾಗುತ್ತವೆ. ಸೀಬೆಹಣ್ಣಿನ ಜೆಲ್ಲಿ ಮಾಡುವಾಗ ನಿಂಬೆರಸ ಹಿಂಡುವುದು ಇದಕ್ಕಾಗಿಯೇ. ಕ್ರ್ಯಾನ್‌ಬೆರಿಯಲ್ಲಿ ಪೆಕ್ಟಿನ್ನೂ ಆಮ್ಲವೂ ಒಟ್ಟಿಗೇ ಇರುವುದರಿಂದ ಅದಕ್ಕೆ ಹೊರಗಿನ ಸಹಾಯ ಬೇಕಿಲ್ಲ. 1912ರಲ್ಲಿ ಮಾರ್ಕಸ್ ಯುರಾನ್ ಎಂಬವರು ಈ ಸಾಸನ್ನು ಡಬ್ಬಿಗೆ ತುಂಬಿ ಮಾರಲು ಆರಂಭಿಸಿದರು. ಡಬ್ಬಿಯಿಂದ ಜಾರಿಸಿದರೆ ಅದರ ಗೆರೆಗಳ ಅಚ್ಚನ್ನೂ ಉಳಿಸಿಕೊಂಡು ನಿಲ್ಲುವಷ್ಟು ಗಟ್ಟಿಯಾದ ಜೆಲ್ಲಿ ಅಮೆರಿಕದಲ್ಲಿ ಇಂದಿಗೂ ಹಬ್ಬದೂಟದ ಮೇಜಿನ ಮೇಲಿರುತ್ತದೆ.

ಬಣ್ಣದ ವಿಷಯ ಇನ್ನೂ ಸೊಗಸಾದದ್ದು. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಅದು ಕೆಂಪಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಕ್ರ್ಯಾನ್‌ಬೆರಿಯ ಕೆಂಪಿಗೆ ಕಾರಣವಾದ ಆಂಥೋಸಯನಿನ್‌ಗಳು ಇದರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ: ಆಮ್ಲದಲ್ಲಿ ಕೆಂಪಾಗಿದ್ದು, ಕ್ಷಾರ ಸೇರಿದಂತೆ ನೇರಳೆಗೂ ನೀಲಿಗೂ ತಿರುಗುತ್ತವೆ. ನಮ್ಮಲ್ಲಿ ಮೊಟ್ಟೆಯಿಲ್ಲದ ಕೇಕನ್ನು ಮೊಸರು ಮತ್ತು ಅಡುಗೆ ಸೋಡಾ ಹಾಕಿ ಮಾಡುವ ಮನೆಗಳು ಬಹಳ. ಮೊಸರಿನ ಹುಳಿ ತಡೆಯಲಾರದಷ್ಟು ಸೋಡಾ ಬಿದ್ದರೆ, ಹಣ್ಣಿನ ರಸ ಹಿಟ್ಟನ್ನು ಮುಟ್ಟಿದ ಕಡೆಯಲ್ಲೆಲ್ಲ ನೀಲಿಹಸಿರು ಉಂಗುರಗಳು ಮೂಡುತ್ತವೆ. ಕೇಕಿಗೆ ಬೂಷ್ಟು ಹಿಡಿದಿದೆಯೆಂದು ಅದನ್ನು ಎಸೆಯಬೇಕಾಗಿಲ್ಲ, ಅದು ಅಪಾಯಕಾರಿಯಲ್ಲ. ಮುಂದಿನ ಸಲ ಸೋಡಾ ಕಡಿಮೆ ಮಾಡಿದರೆ, ಇಲ್ಲವೇ ತನ್ನೊಳಗೇ ಆಮ್ಲವಿರುವ ಬೇಕಿಂಗ್ ಪೌಡರ್ ಬಳಸಿದರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ತಳದಲ್ಲಿ ಬೆಣ್ಣೆ, ಸಕ್ಕರೆ, ಹಣ್ಣುಗಳನ್ನು ಹರಡಿ, ಮೇಲೆ ಹಿಟ್ಟು ಸುರಿದು ಬೇಯಿಸಿ ಮಗುಚಿ ತೆಗೆಯುವ ಕೇಕಿನಲ್ಲಿ ಈ ಎಚ್ಚರ ಮುಖ್ಯ. ಅಲ್ಲಿ ಅಂದವೆಲ್ಲ ಮೇಲ್ಪದರದ್ದೇ.

ಹಾಲಿನೊಡನೆ ಮಾತ್ರ ಈ ಹಣ್ಣಿಗೆ ಹೊಂದುವುದಿಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಶೈತ್ಯೀಕರಿಸಿದ ಕ್ರ್ಯಾನ್‌ಬೆರಿಯನ್ನು ಬೇಯಿಸಿ, ಕುದಿಯುವ ಶಾವಿಗೆ ಪಾಯಸಕ್ಕೆ ಸೇರಿಸಿದಾಗ ಕ್ಷಣಮಾತ್ರದಲ್ಲಿ ಹಾಲು ಒಡೆಯಿತು. ಹಾಲಿನ ಪಿಎಚ್ ಸುಮಾರು 6.7, ಅದು 4.6ರ ಹತ್ತಿರಕ್ಕೆ ಇಳಿದಾಗ ಕೇಸಿನ್ ಪ್ರೋಟೀನಿನ ಕಣಗಳು ತಮ್ಮ ವಿದ್ಯುದಂಶವನ್ನು ಕಳೆದುಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಸಿಯಿದ್ದರೆ ಇನ್ನೂ ಬೇಗ. ಶಾವಿಗೆ ಹಾಕದ ಹಾಲಿನಲ್ಲಿ ಇದನ್ನೇ ಬೇಕೆಂದು ಮಾಡಿ, ನೀರು ಬಸಿದು, ಆ ತಿಳಿಗುಲಾಬಿ ಛೇನಾವನ್ನು ಸಕ್ಕರೆಯೊಡನೆ ನಾದಿದರೆ ಬಂಗಾಳದ ಸಂದೇಶ್ ಮಿಠಾಯಿಯಂಥ ಒಳ್ಳೆಯ ತಿನಿಸಾಗುತ್ತದೆ. ಶ್ರೀಖಂಡಕ್ಕಂತೂ ಯಾವ ಭಯವೂ ಇಲ್ಲ. ಮೊಸರಿನ ಪ್ರೋಟೀನುಗಳು ಆಗಲೇ ಹೆಪ್ಪುಗಟ್ಟಿರುವುದರಿಂದ ಇನ್ನಷ್ಟು ಹುಳಿ ಸೇರಿದರೂ ಅದು ಒಡೆಯುವುದಿಲ್ಲ. ಗಟ್ಟಿ ಮೊಸರಿಗೆ ಆರಿದ ಕ್ರ್ಯಾನ್‌ಬೆರಿ ಸಾಸ್ ಕಲಸಿದ ಶ್ರೀಖಂಡ, ನನ್ನ ಮಟ್ಟಿಗೆ, ಈ ಹಣ್ಣು ನಮ್ಮ ಅಡುಗೆಮನೆಗೆ ಅತ್ಯಂತ ಸಹಜವಾಗಿ ಹೊಂದಿಕೊಳ್ಳುವ ರೂಪ. ಅದರಲ್ಲಿ ಒಗರೂ ಮೆತ್ತಗಾಗುತ್ತದೆ, ಏಕೆಂದರೆ ಚಹಾಕ್ಕೆ ಹಾಲು ಹಾಕಿದಾಗ ಆಗುವಂತೆ ಟ್ಯಾನಿನ್‌ಗಳು ಹಾಲಿನ ಪ್ರೋಟೀನನ್ನೇ ಹಿಡಿದುಕೊಂಡು ಜೊಲ್ಲನ್ನು ಬಿಟ್ಟುಬಿಡುತ್ತವೆ. ಚೀಸ್‌ಕೇಕಿನ ಮೇಲೆ, ಕೆನೆಯ ಜೊತೆಗೆ, ಮೊಟ್ಟೆಯ ಹಳದಿ ಮತ್ತು ಬೆಣ್ಣೆಯಲ್ಲಿ ಕುದುರಿಸಿದ ಟಾರ್ಟಿನಲ್ಲಿ ಕ್ರ್ಯಾನ್‌ಬೆರಿ ಅಷ್ಟು ಚೆನ್ನಾಗಿ ಒಪ್ಪುವುದರ ಹಿಂದೆಯೂ ಇದೇ ಕಾರಣವಿದೆ.

ಉತ್ತರ ಯೂರೋಪಿನಲ್ಲಿ ಬೆಳೆಯುವುದು ಇದಕ್ಕಿಂತ ಚಿಕ್ಕ ಹಣ್ಣಿನ ಕಾಡುಜಾತಿ. ರಷ್ಯಾದಲ್ಲಿ ಅದರ ರಸಕ್ಕೆ ಆಲೂಗಡ್ಡೆಯ ಪಿಷ್ಟ ಹಾಕಿ ಕಿಸೆಲ್ ಎಂಬ ಮಂದ ಪಾನೀಯ ಮಾಡುತ್ತಾರೆ. ಹಸಿ ಹಣ್ಣಿನ ಸುತ್ತ ಸಕ್ಕರೆ ಪುಡಿಯ ಬಿಳಿ ಚಿಪ್ಪು ಕಟ್ಟಿ ಮಿಠಾಯಿಯಾಗಿಯೂ ತಿನ್ನುತ್ತಾರೆ. ಫಿನ್‌ಲೆಂಡಿನ ವಿಸ್ಪಿಪೂರೊ ನಮಗೆ ಇನ್ನೂ ಹತ್ತಿರದ್ದು. ಹೆಚ್ಚಾಗಿ ಲಿಂಗನ್‌ಬೆರಿಯಿಂದ, ಕೆಲವೊಮ್ಮೆ ಕ್ರ್ಯಾನ್‌ಬೆರಿಯಿಂದ ಮಾಡುವ ಈ ತಿನಿಸಿನಲ್ಲಿ ಹಣ್ಣಿನ ರಸದಲ್ಲಿ ರವೆ ಬೇಯಿಸಿ, ಆರಿಸಿ, ನೊರೆಯೇಳುವವರೆಗೆ ಕಡೆಯುತ್ತಾರೆ. ಬೆಂದ ರವೆಯ ಪಿಷ್ಟ ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಜ್ಜಿಗೆಯಂತೆ ತೂಕವಾಗಿರಬೇಕಾದದ್ದು ಹತ್ತಿಯಂತೆ ಹಗುರವಾಗಿ, ಗುಲಾಬಿ ಬಣ್ಣಕ್ಕೆ ಬರುತ್ತದೆ. ಸಣ್ಣ ಚಿರೋಟಿ ರವೆಯಲ್ಲಿ ಇದನ್ನು ಯಾರಾದರೂ ಮಾಡಬಹುದು. ಜೆಲ್ಲಿ ಬಯಸುವ ಸಸ್ಯಾಹಾರಿಗಳು ಕಡಲಪಾಚಿಯಿಂದ ತೆಗೆದ ಅಗರ್ ಅಗರ್ ಬಳಸುವುದಾದರೆ, ಅದನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆಯೇ ರಸ ಸೇರಿಸಬೇಕು. ಹುಳಿಯೊಡನೆ ಹೆಚ್ಚು ಹೊತ್ತು ಕುದಿದರೆ ಅಗರ್‌ನ ಬಿಗಿ ಸಡಿಲವಾಗುತ್ತದೆ.

ಇನ್ನು ನಮ್ಮ ಅಂಗಡಿಗಳ ಒಣ ಕ್ರ್ಯಾನ್‌ಬೆರಿ. ಮೇಣದಂಥ ಸಿಪ್ಪೆಯ ಮೂಲಕ ಪಾಕ ಇಳಿಯದ ಕಾರಣ ಹಣ್ಣನ್ನು ಸೀಳಿ, ಸಕ್ಕರೆ ಪಾಕದಲ್ಲಿ ನೆನೆಸಿ, ಅನಂತರ ಒಣಗಿಸುತ್ತಾರೆ. ನೆಲ್ಲಿಕಾಯಿ ಮೊರಬ್ಬಕ್ಕೆ ನಾವು ಕಾಯಿಯನ್ನು ಚುಚ್ಚುವುದೂ ಇದೇ ಉದ್ದೇಶದಿಂದ. ಹೀಗೆ ತಯಾರಾದದ್ದರ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಸಕ್ಕರೆಯೇ ಇರುತ್ತದೆ. ಆದ್ದರಿಂದ ಇದನ್ನು ಹಾಕುವ ಕೇಕು, ಬಿಸ್ಕತ್ತು, ಲಾಡುಗಳಲ್ಲಿ ಸಕ್ಕರೆಯನ್ನು ಇಳಿಸಲೇಬೇಕು. ಕಿತ್ತಳೆ ರಸದಲ್ಲಿ ಅರ್ಧ ಗಂಟೆ ನೆನೆಸಿದರೆ ಕಳೆದುಹೋದ ಹುಳಿಯ ಒಂದಿಷ್ಟು ಪಾಲು ಹಿಂದಿರುಗುತ್ತದೆ.

ದೂರದ ಈ ಹಣ್ಣನ್ನು ಕುರಿತು ಬರೆಯುವಾಗ ನಮ್ಮದೇ ಕರಂಡೆಯನ್ನು ನೆನೆಯದಿರುವುದು ನನ್ನಿಂದ ಸಾಧ್ಯವಿಲ್ಲ. ಬೇಲಿಯಲ್ಲಿ ಮುಳ್ಳುಗಳ ನಡುವೆ ಬೆಳೆಯುವ ಕರಿಸ್ಸ ಕರಾಂಡಸ್ ಬೇರೆಯೇ ಕುಟುಂಬದ ಗಿಡ. ಆದರೂ ಹುಳಿ, ಒಗರು, ಪೆಕ್ಟಿನ್ ಮೂರೂ ಅದರಲ್ಲಿವೆ. ಬೇಕರಿಯ ಕೇಕಿನ ಮೇಲೆ ಚೆರ್ರಿಯೆಂದು ಕೂರುವ ಕೆಂಪು ಹಣ್ಣು ಎಷ್ಟೋ ಸಲ ಬಣ್ಣ ಹಾಕಿ ಪಾಕದಲ್ಲಿ ನೆನೆಸಿದ ಕರಂಡೆಯೇ. ಕಳೆದ ಮಳೆಗಾಲದಲ್ಲಿ ಮಾಗಿದ ಕರಂಡೆಯನ್ನು ಸೀಳಿ, ಬೀಜ ತೆಗೆದು, ಅಂಟುಹಾಲು ಹೋಗುವಂತೆ ಉಪ್ಪುನೀರಿನಲ್ಲಿ ತೊಳೆದು, ಮೇಲೆ ಹೇಳಿದ ಸಾಸಿನ ಅಳತೆಯಲ್ಲೇ ಬೇಯಿಸಿದೆ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ರಾತ್ರಿ ಬಟ್ಟಲಿಗೆ ಬಗ್ಗಿಸಿಟ್ಟದ್ದು ಬೆಳಗ್ಗೆ ನೋಡಿದಾಗ ಮಾಣಿಕ್ಯದ ಬಣ್ಣದಲ್ಲಿ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿತ್ತು.