‘ಇನ್ನೆಷ್ಟು ದಿನ ಡಾಕ್ಟ್ರೇ?’

ಪ್ಯಾಲಿಯೇಟಿವ್ ಕೇರ್ ಡಾಕ್ಟರಿಗೆ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ಕಡಿಮೆ ಮಾಡುವ ನನ್ನಂಥವರಿಗೆ, ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಮನೆಯವರು, ಕೇಳುವ ಜಾಗ ಕಾರಿಡಾರು. ಒಳಗೆ ಕೂತ ಅಪ್ಪನಿಗೆ ಗೊತ್ತಾಗಬಾರದು, ಅಲ್ವಾ. ಅಪ್ಪನಿಗೆ ಎಷ್ಟೋ ಸಲ ಆಗಲೇ ಗೊತ್ತಿರುತ್ತದೆ.

ಎಲ್ಲೋ ‘ಎಂಟು ತಿಂಗಳು’ ಅಂತ ಕೇಳಿಸಿಕೊಂಡು ಬಂದಿರುತ್ತಾರೆ. ಅದೇ ಕಾಯಿಲೆಯ ನೂರು ಜನರಲ್ಲಿ ಅರ್ಧದಷ್ಟು ಜನ ಅಷ್ಟರೊಳಗೆ ತೀರಿಕೊಂಡಿರುತ್ತಾರೆ, ಉಳಿದರ್ಧ ಅದನ್ನು ದಾಟಿರುತ್ತಾರೆ, ಕೆಲವರು ವರ್ಷಗಟ್ಟಲೆ. ಆ ಅಂಕಿಗೆ ಇರುವ ಅರ್ಥ ಇಷ್ಟೇ. ನಿಮ್ಮಪ್ಪ ಯಾವ ಅರ್ಧದಲ್ಲಿದ್ದಾರೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ನಾವು ಇಳಿಮುಖದ ವೇಗ ನೋಡುತ್ತೇವೆ. ತಿಂಗಳಿಂದ ತಿಂಗಳಿಗೆ ಸೊರಗುತ್ತಿದ್ದರೆ ತಿಂಗಳ ಲೆಕ್ಕ, ವಾರದಿಂದ ವಾರಕ್ಕಾದರೆ ವಾರಗಳ ಲೆಕ್ಕ. ಇದೂ ಅಂದಾಜೇ.

ಬೆಂಗಳೂರಿನ ಹನುಮಂತನಗರದ ಹಿರಿಯರೊಬ್ಬರು ದಿನ ಎಣಿಸೋಕೆ ಹೋಗಲಿಲ್ಲ. ‘ಪರಿಷೆಗೆ ಹೋಗಬಹುದಾ?’ ಅಂದರು. ಕಾರ್ತಿಕದ ಕೊನೆ ಸೋಮವಾರ, ದೊಡ್ಡ ಗಣಪತಿ ಗುಡಿ ಎದುರಿನ ಕಡಲೆಕಾಯಿ ಪರಿಷೆ. ನನಗೆ ಇಂಥ ಪ್ರಶ್ನೆ ಇಷ್ಟ, ಯಾಕೆಂದರೆ ಇದಕ್ಕೆ ಕೆಲಸ ಮಾಡಬಹುದು. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಕುಸಿದಿರುತ್ತವೆ, ಜನಜಂಗುಳಿಯಲ್ಲಿ ಸೋಂಕು ತಗುಲೋದು ಸುಲಭ. ಅವರ ಕ್ಯಾನ್ಸರ್ ಡಾಕ್ಟರ ಜೊತೆ ಮಾತಾಡಿ ಮುಂದಿನ ಕೀಮೋವನ್ನು ಪರಿಷೆ ಆದಮೇಲೆ ಇಟ್ಟುಕೊಂಡೆವು. ನೋವಿಗೆ ಮಾರ್ಫಿನ್ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ; ಹೊರಡುವ ಅರ್ಧ ಗಂಟೆ ಮುಂಚೆ ಒಂದು, ಜೇಬಲ್ಲಿ ಇನ್ನೊಂದು. ರಶ್ ಕಡಿಮೆ ಇರೋ ಬೆಳಗಿನ ಹೊತ್ತು, ವೀಲ್‌ಚೇರ್. ಹೋಗಿ ಬಂದರು. ಕಡಲೆಕಾಯಿ ರೇಟು ಜಾಸ್ತಿ ಆಗಿದೆ ಅಂತ ಬೈದುಕೊಂಡೇ ಬಂದರು.

ಇನ್ನೊಂದು ಕೆಲಸಕ್ಕೆ ಮಾತ್ರ ಯಾರೂ ಬೇಗ ಕೈಹಾಕುವುದಿಲ್ಲ. ಲಿವಿಂಗ್ ವಿಲ್. ಮುಂದೆ ನನಗೆ ಮಾತಾಡಲು ಆಗದಿದ್ದರೆ ವೆಂಟಿಲೇಟರ್ ಬೇಕೋ ಬೇಡವೋ, ನನ್ನ ಪರವಾಗಿ ಯಾರು ಹೇಳಬೇಕು ಅಂತ ಈಗಲೇ ಬರೆದಿಡುವುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ಸರಳ ಮಾಡಿತು. ಮ್ಯಾಜಿಸ್ಟ್ರೇಟ್ ಹತ್ತಿರ ಅಲೆಯಬೇಕಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿತು. ಮನಸ್ಸು ಬದಲಾದರೆ ಬರೆದದ್ದನ್ನೂ ಬದಲಿಸಬಹುದು.

ಯಾರ ಹೆಸರು ಬರೆಯೋಣ ಅಂತ ಆ ಹಿರಿಯರನ್ನು ಕೇಳಿದಾಗ, ಪಕ್ಕದಲ್ಲಿದ್ದ ಮಗನನ್ನು ಬಿಟ್ಟು ಸೊಸೆ ಹೆಸರು ಹೇಳಿದರು. ‘ಇವನು ಅಳ್ತಾ ಕೂತ್ಕೋತಾನೆ ಡಾಕ್ಟ್ರೇ. ಅವಳು ಗಟ್ಟಿಗಿತ್ತಿ.’