ಹಳೆಯ ಲ್ಯಾಂಡ್ ರೋವರ್‌ಗೆ ಸುರುಳಿ ಸ್ಪ್ರಿಂಗಿನ ಚಾಸಿ

1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಲ್ಯಾಂಡ್ ರೋವರ್, 1985ರಲ್ಲಿ ತಯಾರಿಕೆ ನಿಂತ ‘ಸೀರೀಸ್ 3’ ಮಾದರಿಯವರೆಗೂ ಲೀಫ್ ಸ್ಪ್ರಿಂಗುಗಳ ಮೇಲೆಯೇ ಓಡಿತು. ಅದೇ ಕಂಪನಿ 1970ರಲ್ಲಿ ಹೊರತಂದ ರೇಂಜ್ ರೋವರ್‌ನಲ್ಲಿ, ಸ್ಪೆನ್ ಕಿಂಗ್ ಅವರ ನೇತೃತ್ವದ ಎಂಜಿನಿಯರುಗಳು ನಾಲ್ಕೂ ಚಕ್ರಗಳಿಗೆ ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿದರು. ಏರುತಗ್ಗಿನ ದಾರಿಯಲ್ಲಿ ಅದರ ಚಕ್ರಗಳು ನೆಲ ಬಿಡದೆ ಸಾಗುವುದನ್ನು ಕಂಡ ಬ್ರಿಟನ್ನಿನ ಉತ್ಸಾಹಿಗಳು, ಮೈ ತುಕ್ಕು ಹಿಡಿದು ಮೂಲೆಗೆ ಬಿದ್ದ ರೇಂಜ್ ರೋವರ್‌ಗಳ ಚಾಸಿಯ (ಮೈಯನ್ನು ಹೊರುವ ಉಕ್ಕಿನ ಚೌಕಟ್ಟಿನ) ಮೇಲೆ ಹಳೆಯ ಲ್ಯಾಂಡ್ ರೋವರ್‌ನ ಅಲ್ಯೂಮಿನಿಯಂ ಮೈಯನ್ನು ಕೂರಿಸತೊಡಗಿದರು. ಈ ಕೆಲಸದ ಕಷ್ಟ ಸ್ಪ್ರಿಂಗಿನ ಆಕಾರದಲ್ಲಿಲ್ಲ. ಹಳೆಯ ಸ್ಪ್ರಿಂಗು ಸದ್ದಿಲ್ಲದೆ ಮಾಡುತ್ತಿದ್ದ ಹಲವು ಕೆಲಸಗಳನ್ನು ಒಂದೊಂದಾಗಿ ಬೇರೆ ಬೇರೆ ಭಾಗಗಳಿಗೆ ಹಂಚಿಕೊಡುವುದರಲ್ಲಿದೆ.

ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟೇ ಲೀಫ್ ಸ್ಪ್ರಿಂಗ್. ಕೊಡಗು ಮತ್ತು ಮಲೆನಾಡಿನ ತೋಟಗಳಲ್ಲಿ ದುಡಿದ ಹಳೆಯ ಮಹೀಂದ್ರಾ ಜೀಪುಗಳಲ್ಲಿಯೂ ಇದೇ ಏರ್ಪಾಡು. ಇದು ಗಾಡಿಯ ಭಾರ ಹೊರುತ್ತದೆ, ಎರಡು ಬದಿಯ ಚಕ್ರಗಳನ್ನು ಕೂಡಿಸುವ ಅಚ್ಚು, ಅಂದರೆ ಆಕ್ಸಲ್, ಹಿಂದೆಮುಂದೆ ಸರಿಯದಂತೆ ಹಿಡಿಯುತ್ತದೆ, ಪಕ್ಕಕ್ಕೆ ಜಾರದಂತೆ ತಡೆಯುತ್ತದೆ, ಚಕ್ರವನ್ನು ತಿರುಗಿಸುವಾಗ ಆಕ್ಸಲ್‌ನ ಮೇಲೆ ಬೀಳುವ ತಿರುಚುಬಲವನ್ನೂ ತಾಳಿಕೊಳ್ಳುತ್ತದೆ. ಇಷ್ಟನ್ನು ಒಂದೇ ಭಾಗದಿಂದ ಮಾಡಿಸಿಕೊಂಡ ಹಿಂದಿನವರ ಜಾಣ್ಮೆ ನಿಜಕ್ಕೂ ದೊಡ್ಡದು. ಆದರೆ ಎಲ್ಲವನ್ನೂ ಒಬ್ಬನೇ ಮಾಡುವಾಗ ರಾಜಿಯೂ ಅನಿವಾರ್ಯ. ಆಕ್ಸಲನ್ನು ಗಟ್ಟಿಯಾಗಿ ಹಿಡಿಯಬೇಕೆಂದರೆ ಪಟ್ಟಿಗಳು ಬಿಗಿಯಾಗಿರಬೇಕು. ಪಟ್ಟಿಗಳ ನಡುವಿನ ಘರ್ಷಣೆಯಿಂದಾಗಿ, ಅದರಲ್ಲೂ ತುಕ್ಕು ಹಿಡಿದ ಮೇಲೆ, ಸಣ್ಣ ಕುಲುಕಿಗೆ ಸ್ಪ್ರಿಂಗು ಅಲುಗುವುದೇ ಇಲ್ಲ, ಏಟು ನೇರವಾಗಿ ಕುಳಿತವರ ಬೆನ್ನಿಗೆ ತಲುಪುತ್ತದೆ.

ಮೆತುವಾದ ಸವಾರಿ ಎಂದರೇನು ಎಂಬುದಕ್ಕೆ ಭೌತಶಾಸ್ತ್ರ ಸರಳ ಅಳತೆಯೊಂದನ್ನು ಕೊಡುತ್ತದೆ. ಗಾಡಿಯ ಭಾರಕ್ಕೆ ಸ್ಪ್ರಿಂಗು ನಿಂತಲ್ಲೇ ಎಷ್ಟು ಕುಗ್ಗುತ್ತದೆ ಎಂಬುದರಿಂದ, ಗಾಡಿ ಸೆಕೆಂಡಿಗೆ ಎಷ್ಟು ಬಾರಿ ಮೇಲೆಕೆಳಗೆ ತೂಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. 6 ಸೆಂಟಿಮೀಟರ್ ಕುಗ್ಗಿದರೆ ಸುಮಾರು 2 ಬಾರಿ. ಅದು ಒಮ್ಮೆ ಮಾತ್ರ ತೂಗಬೇಕಾದರೆ ಸುಮಾರು 25 ಸೆಂಟಿಮೀಟರ್ ಕುಗ್ಗಬೇಕು. ನಿಧಾನವಾಗಿ ತೂಗುವ ಗಾಡಿಯೇ ಮೈಗೆ ಹಿತ. ಆದ್ದರಿಂದ ಮೆತ್ತನೆಯ ಸ್ಪ್ರಿಂಗಿಗೆ ಚಲಿಸಲು ಬಹಳ ಜಾಗ ಬೇಕು, ಸುರುಳಿ ಸ್ಪ್ರಿಂಗು ಅದನ್ನು ಸುಲಭವಾಗಿ ಒದಗಿಸುತ್ತದೆ. ಆದರೂ ಅದನ್ನು ಆಯುವಾಗ ಎಚ್ಚರ ಬೇಕು: ಸುರುಳಿಯ ಬಿಗಿತವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ತಂತಿ ಶೇ 10ರಷ್ಟು ದಪ್ಪವಾದರೆ ಬಿಗಿತ ಶೇ 46ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಪ್ರಿಂಗುಗಳು ಗಾಡಿಯನ್ನು ಎರಡು ಬೇರೆ ಗಾಡಿಗಳಂತೆ ಓಡಿಸಬಲ್ಲವು. ಸುರುಳಿಗೆ ತನ್ನದೇ ಆದ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ತೂಗಾಟ ತಗ್ಗಿಸುವ ಪೂರ್ಣ ಹೊಣೆ ಶಾಕ್ ಅಬ್ಸಾರ್ಬರಿನ ಮೇಲೆ ಬೀಳುತ್ತದೆ.

ಇನ್ನು ಆಕ್ಸಲನ್ನು ಹಿಡಿಯುವ ಪ್ರಶ್ನೆ. ಸುರುಳಿ ಸ್ಪ್ರಿಂಗಿಗೆ ಮೇಲೆಕೆಳಗಿನ ಭಾರ ಹೊರುವುದಷ್ಟೇ ಗೊತ್ತು. ಉಳಿದದ್ದಕ್ಕೆಲ್ಲ ಉಕ್ಕಿನ ತೋಳುಗಳು ಬೇಕು. ರೇಂಜ್ ರೋವರ್‌ನ ಮುಂಭಾಗದಲ್ಲಿ ರೇಡಿಯಸ್ ಆರ್ಮ್ ಎಂಬ ಎರಡು ಉದ್ದನೆಯ ತೋಳುಗಳು ಆಕ್ಸಲನ್ನು ತಲಾ ಎರಡು ರಬ್ಬರ್ ಬುಷ್‌ಗಳ (ಕೀಲಿನ ಮೆತ್ತೆಗಳ) ಮೂಲಕ ಹಿಡಿದು, ಅದು ಹಿಂದೆಮುಂದೆ ಸರಿಯದಂತೆಯೂ ತನ್ನ ಸುತ್ತ ತಿರುಚಿಕೊಳ್ಳದಂತೆಯೂ ನೋಡಿಕೊಳ್ಳುತ್ತವೆ. ಅಡ್ಡಲಾಗಿ ಹಾಯುವ ಪ್ಯಾನ್‌ಹಾರ್ಡ್ ರಾಡ್ ಪಕ್ಕದ ಚಲನೆಯನ್ನು ತಡೆಯುತ್ತದೆ. ಈ ರಾಡು ಮತ್ತು ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ತಲುಪಿಸುವ ಸರಳಾದ ಡ್ರ್ಯಾಗ್ ಲಿಂಕ್ ಹೆಚ್ಚುಕಡಿಮೆ ಸಮಾಂತರವಾಗಿ, ಸಮ ಉದ್ದದಲ್ಲಿರಬೇಕು. ಇಲ್ಲವಾದರೆ ಅವೆರಡೂ ಬೇರೆ ಬೇರೆ ಕಮಾನುಗಳಲ್ಲಿ ತಿರುಗಿ, ಪ್ರತಿ ಗುಂಡಿಯಲ್ಲೂ ಚಕ್ರಗಳು ಚಾಲಕನ ಅಪ್ಪಣೆಯಿಲ್ಲದೆ ಪಕ್ಕಕ್ಕೆ ಹೊರಳುತ್ತವೆ. ಮನೆಯಲ್ಲೇ ನಡೆಯುವ ಪರಿವರ್ತನೆಗಳಲ್ಲಿ ನಾನು ಮೊದಲು ಪರೀಕ್ಷಿಸಬೇಕೆನ್ನುವುದು ಇದನ್ನೇ. ಎತ್ತರ ಹೆಚ್ಚಲೆಂದು ಉದ್ದನೆಯ ಸ್ಪ್ರಿಂಗು ಹಾಕಿದರೆ ರೇಡಿಯಸ್ ಆರ್ಮ್‌ಗಳು ಕೆಳಮುಖವಾಗಿ ಬಾಗಿ, ಅವುಗಳೊಂದಿಗೆ ಆಕ್ಸಲ್ ಕೂಡ ತಿರುಗಿ ಕ್ಯಾಸ್ಟರ್ ಕೋನ (ಚಕ್ರ ಹೊರಳುವ ಅಕ್ಷದ ಹಿಂದಕ್ಕಿನ ವಾಲು) ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ. ಹಿಂಭಾಗದಲ್ಲಿ ಎರಡು ಕೆಳತೋಳುಗಳ ಜೊತೆಗೆ, ಆಕ್ಸಲ್‌ನ ಮೇಲೆ ಬಾಲ್ ಜಾಯಿಂಟಿನಿಂದ ಕೂಡುವ ‘ಎ’ ಆಕಾರದ ಚೌಕಟ್ಟು ಪಕ್ಕದ ಬಲವನ್ನೂ ತಿರುಚುಬಲವನ್ನೂ ಹೊರುತ್ತದೆ. ಮೆತ್ತನೆಯ ಹಿಂಬದಿ ಸ್ಪ್ರಿಂಗುಗಳು ಹೇರಿನ ಭಾರಕ್ಕೆ ಕುಸಿಯದಂತೆ ತಾನಾಗಿ ಮಟ್ಟ ಕಾಯುವ ಸಾಧನವನ್ನೂ ಮೂಲ ರೇಂಜ್ ರೋವರ್‌ನಲ್ಲಿ ಇಡಲಾಗಿತ್ತು.

ರೇಂಜ್ ರೋವರ್‌ನ ಈ ಚಾಸಿಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 100 ಇಂಚು, ಹಳೆಯ ಲ್ಯಾಂಡ್ ರೋವರ್‌ನ ಗಿಡ್ಡ ಸೀರೀಸ್ ಗಾಡಿಯದು 88 ಇಂಚು. ಆದ್ದರಿಂದ ಒಂದೋ ಮೈಯನ್ನು ಉದ್ದ ಮಾಡಬೇಕು, ಇಲ್ಲವೇ ಚಾಸಿಯ ನಡುವಿನಿಂದ 12 ಇಂಚು ಕತ್ತರಿಸಿ ತೆಗೆಯಬೇಕು. ಕತ್ತರಿಸುವುದಾದರೆ ಬೆಸುಗೆಯ ಗೆರೆ ನೇರವಾಗಿ ನಿಲ್ಲದೆ ಓರೆಯಾಗಿ ಹಾಯಬೇಕು, ಒಳಗಿನಿಂದ ಉಕ್ಕಿನ ತಗಡು ಆಸರೆ ಕೊಡಬೇಕು. ನೇರ ಗೆರೆಯಾದರೆ ಇಡೀ ಅಡ್ಡಕೊಯ್ತದ ಬಲ ಒಂದೇ ಬೆಸುಗೆಯನ್ನು ನೆಚ್ಚಿಕೊಳ್ಳುತ್ತದೆ. ಹಿಂದಿನ ಆಕ್ಸಲ್‌ಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾದಂತೆ ಅದರ ಕೀಲುಗಳ ಕೋನ ಹೆಚ್ಚುತ್ತದೆ. ಚಕ್ರಗಳ ನಡುವಿನ ಅಗಲವೂ 51.5 ಇಂಚಿನಿಂದ 58.5 ಇಂಚಿಗೆ ಏರುವುದರಿಂದ, ಹೊರಚಾಚಿದ ಟೈರುಗಳಿಗೆ ಮಡ್‌ಗಾರ್ಡು ವಿಸ್ತರಿಸಬೇಕು. ಸೀರೀಸ್ ಮೈಗೆ ಹೊಂದುವ ಅಳತೆಯಲ್ಲೇ ಸುರುಳಿ ಸ್ಪ್ರಿಂಗಿನ ಹೊಸ ಚಾಸಿಗಳನ್ನು ತಯಾರಿಸಿ, ಕರಗಿದ ಸತುವಿನಲ್ಲಿ ಅದ್ದಿ ಕೊಡುವವರೂ ಬ್ರಿಟನ್ನಿನಲ್ಲಿದ್ದಾರೆ. ಖರ್ಚು ಹೆಚ್ಚಾದರೂ, ಕೊಯ್ದು ಬೆಸೆದ ಚಾಸಿಗಿಂತ ನಾನು ಇದನ್ನೇ ಮೆಚ್ಚುತ್ತೇನೆ.

ಕಾನೂನಿನ ಲೆಕ್ಕವೂ ಇದೆ. ಬ್ರಿಟನ್ನಿನಲ್ಲಿ ಬಹುಕಾಲ ನಡೆದುಬಂದ, ಮಾರ್ಪಡಿಸಿದ ಗಾಡಿಯಲ್ಲಿ ಉಳಿದ ಮೂಲ ಭಾಗಗಳನ್ನು ಎಣಿಸುವ ಅಂಕ ಪದ್ಧತಿಯಲ್ಲಿ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರು ವ್ಯವಸ್ಥೆ, ಸ್ಟೀರಿಂಗು ತಲಾ 2, ಎಂಜಿನ್ನಿಗೆ 1 ಅಂಕ ಇತ್ತು. ಮೂಲ ನೋಂದಣಿ ಉಳಿಯಲು ಕನಿಷ್ಠ 8 ಬೇಕಿತ್ತು. ಚಾಸಿ, ಸಸ್ಪೆನ್ಷನ್, ಆಕ್ಸಲ್ ಮೂರನ್ನೂ ಬದಲಿಸಿದವನ ಕೈಯಲ್ಲಿ ಉಳಿಯುತ್ತಿದ್ದುದು 5 ಮಾತ್ರ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಮೂಲ ಚಾಸಿ ಇನ್ನೂ ಗಟ್ಟಿಯಾಗಿರುವ ಸೀರೀಸ್ ಗಾಡಿಯ ಒಡೆಯರಿಗೆ ನನ್ನ ಸಲಹೆ, ಪಟ್ಟಿಗಳನ್ನು ಬಿಚ್ಚಿ ತುಕ್ಕು ತೆಗೆದು, ಬುಷ್‌ಗಳನ್ನು ಬದಲಿಸಿ, ಒಳ್ಳೆಯ ಶಾಕ್ ಅಬ್ಸಾರ್ಬರುಗಳನ್ನು ಹಾಕಿ ಮೊದಲು ಓಡಿಸಿ ನೋಡಿ ಎಂಬುದು. ಪರಿವರ್ತನೆಯ ಕೆಲಸಕ್ಕೆ ತುಕ್ಕಿನಿಂದ ಚಾಸಿಯೇ ಕರಗಿಹೋದ ಗಾಡಿಗಳು ಬೇಕಾದಷ್ಟಿವೆ.