ಜಿನ್ ಟಿಪ್ಪಣಿ: ಎಡಗಡೆ ಕಥೆ, ಬಲಗಡೆ ಇಸವಿ

ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾನೀಯಗಳ ಪೇಪರ್ ಬಂದಾಗ ನಮ್ಮ ಬ್ಯಾಚಿನವರೆಲ್ಲ ವಿಸ್ಕಿಗೆ ಮುಗಿಬಿದ್ದರು. ಜಿನ್ ಯಾರಿಗೂ ಬೇಡ. ಕೊನೆಗೆ ಅದು ನನ್ನ ತಲೆಗೆ ಬಂತು. ಓದುತ್ತಾ ಹೋದ ಹಾಗೆ ಒಂದು ಗೊತ್ತಾಯಿತು: ಜಿನ್ ಬಗ್ಗೆ ಒಳ್ಳೊಳ್ಳೆ ಕಥೆಗಳಿವೆ, ಆದರೆ ಪಕ್ಕದಲ್ಲಿ ಇಸವಿ ಬರೆದ ತಕ್ಷಣ ಕೆಲವು ಕುಸಿದು ಬೀಳುತ್ತವೆ. ಅದಕ್ಕೇ ಹಾಳೆಯ ನಡುವೆ ಗೆರೆ ಎಳೆದೆ. ಎಡಗಡೆ ಕಥೆ, ಬಲಗಡೆ ಇಸವಿ. ನೀವೂ ಹಾಗೇ ಓದಿ, ನೆನಪಲ್ಲಿ ಉಳಿಯುತ್ತದೆ.

ಮೊದಲು ವಸ್ತು ಏನು ಅಂತ ನೋಡೋಣ

ರುಚಿ, ವಾಸನೆ ಏನೂ ಇಲ್ಲದ ಶುದ್ಧ ಸ್ಪಿರಿಟ್‌ಗೆ ಜೂನಿಪರ್ ಕಾಯಿಯ ಘಮ ಹತ್ತಿಸಿದರೆ ಜಿನ್. ಜೂನಿಪರ್ ಮುಂದೆ ನಿಲ್ಲಬೇಕು, ಉಳಿದದ್ದೆಲ್ಲ ಅದರ ಹಿಂದೆ. ಇದನ್ನು ಬೆರ್ರಿ ಅನ್ನುತ್ತಾರೆ, ಆದರೆ ಹಣ್ಣಲ್ಲ. ಪೈನ್ ಮರದ ಕಾಯಿಯ ಜಾತಿ, ಅದರ ಪಕಳೆಗಳು ತಿರುಳಾಗಿ ಕೂಡಿಕೊಂಡಿವೆ ಅಷ್ಟೆ. ಮಾಗಲು ಎರಡು ವರ್ಷದ ಹತ್ತಿರ ಬೇಕು. ಹಾಗಾಗಿ ಒಂದೇ ಗಿಡದಲ್ಲಿ ಹಸಿರು ಕಾಯಿಯೂ ಕಡುನೀಲಿ ಕಾಯಿಯೂ ಒಟ್ಟಿಗೆ ಸಿಗುತ್ತವೆ. ನಮ್ಮ ಆಯುರ್ವೇದದವರು ಇದನ್ನು ಹಪುಷ ಎನ್ನುತ್ತಾರೆ. ಗೋವಾದಲ್ಲಿ ತಯಾರಾಗುವ ‘ಹಪುಸಾ’ ಜಿನ್‌ಗೆ ಹೆಸರು ಬಂದದ್ದು ಅಲ್ಲಿಂದಲೇ, ಅದಕ್ಕೆ ಹಿಮಾಲಯದ ಜೂನಿಪರ್ ಹಾಕುತ್ತಾರೆ.

ಜೂನಿಪರ್ ಬಿಟ್ಟರೆ ಸಾಮಾನ್ಯವಾಗಿ ಎರಡನೇ ಜಾಗ ಯಾರದ್ದು ಗೊತ್ತಾ? ಕೊತ್ತಂಬರಿ ಬೀಜದ್ದು. ನನಗೂ ನಂಬಿಕೆ ಬರಲಿಲ್ಲ. ಈಗಲೇ ಅಡುಗೆಮನೆಗೆ ಹೋಗಿ ನಾಲ್ಕು ಕಾಳು ತಗೊಂಡು ಕಚ್ಚಿ ನೋಡಿ. ಹುರಿದದ್ದಲ್ಲ, ಹಸಿ ಬೀಜ. ಸಾರಿನ ಪುಡಿಯ ವಾಸನೆ ಬರಲ್ಲ. ಮೊದಲು ನಿಂಬೆ ಸಿಪ್ಪೆಯಂಥ ಘಮ, ಆಮೇಲೆ ಸ್ವಲ್ಪ ಖಾರ. ಜಿನ್‌ನಲ್ಲಿ ‘ನಿಂಬೆ ವಾಸನೆ’ ಅಂತ ನಾವು ಅಂದುಕೊಳ್ಳುವುದರಲ್ಲಿ ಒಂದು ಪಾಲು ಈ ಬೀಜದ್ದೇ. ಇನ್ನು ಏಂಜೆಲಿಕಾ ಎಂಬ ಗಿಡದ ಬೇರು, ಕಿತ್ತಳೆ ಸಿಪ್ಪೆ, ಚಕ್ಕೆ, ಏಲಕ್ಕಿ ಇತ್ಯಾದಿ ಅವರವರ ಪಾಕಕ್ಕೆ ಬಿಟ್ಟದ್ದು.

ಮಾಡುವ ದಾರಿ ಮುಖ್ಯವಾಗಿ ಎರಡು. ಮಸಾಲೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಮತ್ತೆ ಭಟ್ಟಿ ಇಳಿಸುವುದು ಒಂದು. ಮಸಾಲೆಯನ್ನು ಮೇಲೆ ಬುಟ್ಟಿಯಲ್ಲಿಟ್ಟು ಆವಿ ಅದರ ಮೂಲಕ ಹಾಯುವಂತೆ ಮಾಡುವುದು ಇನ್ನೊಂದು. ಕಡುಬು ಬೇಯಿಸುವುದನ್ನು ನೆನೆಸಿಕೊಳ್ಳಿ. ಎರಡನೆಯದರಲ್ಲಿ ಘಮ ಹಗುರ.

ಪರೀಕ್ಷೆಗೆ ಬರುವ ಮಾತು: ಯುರೋಪಿನ ನಿಯಮದ ಪ್ರಕಾರ ‘ಲಂಡನ್ ಜಿನ್’ ಅಂದರೆ ಊರಿನ ಹೆಸರಲ್ಲ, ವಿಧಾನದ ಹೆಸರು. ಎಲ್ಲಿ ಬೇಕಾದರೂ ಮಾಡಬಹುದು. ಭಟ್ಟಿ ಇಳಿಸಿದ ಮೇಲೆ ಪರಿಮಳ ಸೇರಿಸುವಂತಿಲ್ಲ, ಸಕ್ಕರೆ ಲೀಟರಿಗೆ 0.1 ಗ್ರಾಂ ದಾಟುವಂತಿಲ್ಲ, ಆಲ್ಕೋಹಾಲ್ ಕನಿಷ್ಠ 37.5%.

ಕಥೆ 1: ಡಾಕ್ಟರ್ ಕಂಡುಹಿಡಿದರಂತೆ

ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರಾನ್ಸಿಸ್ಕಸ್ ಸಿಲ್ವಿಯಸ್ ಔಷಧಿ ಅಂತ ಜಿನ್ ಕಂಡುಹಿಡಿದ ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಇದೆ. ಈಗ ಬಲಗಡೆ ಬರೆಯಿರಿ. ಸಿಲ್ವಿಯಸ್ ಹುಟ್ಟಿದ್ದು 1614ರಲ್ಲಿ. ಡಚ್ಚರು ‘ಯೆನೇವರ್’ ಎಂಬ ಜೂನಿಪರ್ ಮದ್ಯದ ಮೇಲೆ ತೆರಿಗೆ ಹಾಕಿದ್ದು 1606ರ ಹೊತ್ತಿಗೆ. ತೊಟ್ಟಿಲಿಗೆ ಬರುವ ಮೊದಲೇ ತೆರಿಗೆ ಬಂದಾಗಿತ್ತು. ಕಥೆ ಮುಗಿಯಿತು. ಜಿನ್ ಎಂಬ ಹೆಸರು ಮಾತ್ರ ನಿಜವಾಗಿ ಈ ಯೆನೇವರ್ ಕಡೆಯಿಂದಲೇ ಬಂದದ್ದು, ಅದರ ಮೂಲ ಜೂನಿಪರ್.

ಬೆಕ್ಕಿನ ಕಾಲು

1689ರಲ್ಲಿ ಹಾಲೆಂಡಿನ ವಿಲಿಯಂ ಇಂಗ್ಲೆಂಡಿನ ರಾಜನಾದ. ಫ್ರಾನ್ಸ್ ಜೊತೆ ಯುದ್ಧ, ಹಾಗಾಗಿ ಫ್ರೆಂಚ್ ಬ್ರಾಂದಿಗೆ ತಡೆ. 1690ರ ಕಾನೂನು ಊರಿನ ಧಾನ್ಯದಿಂದಲೇ ಮದ್ಯ ಇಳಿಸಲು ಪ್ರೋತ್ಸಾಹ ಕೊಟ್ಟಿತು. ಜಮೀನ್ದಾರರಿಗೆ ಖುಷಿ, ಧಾನ್ಯಕ್ಕೆ ಗಿರಾಕಿ ಸಿಕ್ಕಿತು. ಜಿನ್ ಅಗ್ಗವಾಯಿತು. 1743ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಲೆಗೆ ವರ್ಷಕ್ಕೆ ಸುಮಾರು 10 ಲೀಟರ್ ಆಗುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ. ಆ ಲೆಕ್ಕದಲ್ಲಿ ಮಕ್ಕಳೂ ಸೇರಿದ್ದಾರೆ ಅನ್ನುವುದು ನೆನಪಿರಲಿ. ಕೆಲವರು ಅದಕ್ಕೆ ಟರ್ಪೆಂಟೈನ್ ಕೂಡ ಬೆರೆಸುತ್ತಿದ್ದರು.

1736ರಲ್ಲಿ ಸರ್ಕಾರ ಬಿಗಿ ಮಾಡಿತು. ಚಿಲ್ಲರೆ ಮಾರಾಟಕ್ಕೆ ವರ್ಷಕ್ಕೆ 50 ಪೌಂಡ್ ಲೈಸೆನ್ಸ್, ಗ್ಯಾಲನ್‌ಗೆ 20 ಶಿಲ್ಲಿಂಗ್ ಸುಂಕ. ಬಡವರ ಮದ್ಯಕ್ಕೆ ಇಷ್ಟು ಹಾಕಿದರೆ ಏನಾಗುತ್ತದೆ ಅಂತ ಕಳ್ಳಭಟ್ಟಿ ಕಂಡ ನಮ್ಮ ಊರಿನವರಿಗೆ ಹೇಳಬೇಕಾ? ಮಾರಾಟ ಸುಮ್ನೆ ಸಂದಿಗೆ ಹೋಯಿತು.

ಈ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದವನು ಡಡ್ಲಿ ಬ್ರಾಡ್‌ಸ್ಟ್ರೀಟ್. ಅವನು ಕಾನೂನನ್ನು ಕೂತು ಓದಿದ. ಮನೆ ಬಾಡಿಗೆಗೆ ಹಿಡಿದವನ ಹೆಸರು ಗೊತ್ತಿಲ್ಲದೆ ದೂರು ನಿಲ್ಲುವುದಿಲ್ಲ ಅಂತ ಕಂಡುಕೊಂಡ. ಪರಿಚಯದವನ ಹೆಸರಲ್ಲಿ ಲಂಡನ್ನಿನ ಒಂದು ಓಣಿಯಲ್ಲಿ ಮನೆ ಹಿಡಿದು, ಕಿಟಕಿಗೆ ಬೆಕ್ಕಿನ ಬೋರ್ಡು ಹೊಡೆದ. ಬೆಕ್ಕಿನ ಬಾಯಿ ಒಂದು ಕಂಡಿ. ಕಾಲಿನ ಕೆಳಗೆ ಸೀಸದ ಕೊಳವೆ. ಗಿರಾಕಿ ಬಂದು ಕಂಡಿಗೆ ಕಾಸು ಹಾಕಿ, ‘ಪುಸ್, ಎರಡು ಪೆನ್ನಿಗೆ ಜಿನ್ ಕೊಡು’ ಅನ್ನಬೇಕು. ಒಳಗಿಂದ ಅವನು ಕೊಳವೆಯಲ್ಲಿ ಸುರಿಯುತ್ತಾನೆ, ಹೊರಗೆ ಬೆಕ್ಕಿನ ಕಾಲಿನಿಂದ ಜಿನ್ ಇಳಿಯುತ್ತದೆ. ಬಾಗಿಲು ಹಾಕಿಯೇ ಇರುತ್ತದೆ, ಮುಖ ಕಾಣಲ್ಲ. ಈ ಕಥೆಯನ್ನು ಅವನೇ 1755ರಲ್ಲಿ ಬರೆದುಕೊಂಡ. ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು, ಸ್ವಲ್ಪ ಉಪ್ಪು ಖಾರ ಹಚ್ಚಿರಬಹುದು ಅಂತ ನನ್ನ ಗುಮಾನಿ.

1751ರಲ್ಲಿ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್ ‘ಜಿನ್ ಲೇನ್’ ಚಿತ್ರ ಕೆತ್ತಿದ. ಮೆಟ್ಟಿಲ ಮೇಲೆ ನಶೆಯ ತಾಯಿ ನಶ್ಯ ಏರಿಸುತ್ತಿದ್ದಾಳೆ, ಕೂಸು ಕೈಜಾರಿ ಕೆಳಗೆ ಬೀಳುತ್ತಿದೆ. ಓಣಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ವ್ಯಾಪಾರಗಳಲ್ಲಿ ಒಂದು ಗಿರವಿ ಅಂಗಡಿ. ಇದು ಪ್ರಚಾರದ ಚಿತ್ರ, ಜೋಡಿ ಚಿತ್ರದಲ್ಲಿ ಬಿಯರ್ ಕುಡಿಯುವವರೆಲ್ಲ ಗುಂಡುಗುಂಡಾಗಿ ಇದ್ದಾರೆ! ಅದೇ ವರ್ಷದ ಕಾನೂನು ಸಣ್ಣ ಸಂದಿ ಅಂಗಡಿಗಳ ಬದಲು ಸರಿಯಾದ ಮಳಿಗೆಯವರಿಗೆ ಮಾತ್ರ ಲೈಸೆನ್ಸ್ ಕೊಟ್ಟಿತು. ಆಮೇಲೆ ಬೆಳೆಯೂ ಕೈಕೊಟ್ಟು ಧಾನ್ಯ ದುಬಾರಿಯಾಯಿತು. ಹುಚ್ಚು ಇಳಿಯಿತು.

ಮುಂದಿನ ತಿರುವು 1830. ಐರ್ಲೆಂಡಿನಲ್ಲಿ ಸುಂಕದ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ ಎಂಬವನು ಕಂಬದಂಥ ಭಟ್ಟಿಗೆ ಪೇಟೆಂಟ್ ಪಡೆದ. ಸ್ಪಿರಿಟ್ ಸ್ವಚ್ಛವಾಗಿ ಸಿಗತೊಡಗಿತು. ಕೆಟ್ಟ ವಾಸನೆ ಮುಚ್ಚಲು ಸಕ್ಕರೆ ಬೇಕಿಲ್ಲದ ಹಾಗಾಯಿತು. ಸಿಹಿ ಬಿಟ್ಟ ‘ಡ್ರೈ’ ಜಿನ್ ಬಂದದ್ದು ಹೀಗೆ.

ಕಥೆ 2: ಶ್ರೀರಂಗಪಟ್ಟಣದಲ್ಲಿ ಜಿನ್ ಟಾನಿಕ್

ಇದು ನಮ್ಮ ಕಡೆಯ ಕಥೆ, ಹಾಗಾಗಿ ಬಿಡಲು ಸ್ವಲ್ಪ ಸಂಕಟ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಉಳಿದ ಇಂಗ್ಲಿಷ್ ಸಿಪಾಯಿಗಳಿಗೆ ಮಲೇರಿಯ ಬಂತಂತೆ, ಅದರ ಔಷಧಿಯಾದ ಕಹಿ ಕ್ವಿನೈನ್ ಇರುವ ಟಾನಿಕ್ ಇಳಿಯಲೆಂದು ಜಿನ್ ಬೆರೆಸಿದರಂತೆ. ಜ್ವರದ ಕಾಟ ನಿಜ. ಆ ದಂಡು 1809ರಲ್ಲಿ ಬೆಂಗಳೂರಿಗೆ ಬರಲು ಅದೂ ಒಂದು ಕಾರಣ. ಉಳಿದದ್ದಕ್ಕೆ ಬಲಗಡೆ ನೋಡಿ. ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ, ಪ್ಯಾರಿಸ್‌ನಲ್ಲಿ. ಟಾನಿಕ್ ವಾಟರ್‌ಗೆ (ಕ್ವಿನೈನ್ ಬೆರೆಸಿದ ಕಹಿ ಸೋಡಾ) ಪೇಟೆಂಟ್ ಸಿಕ್ಕಿದ್ದು 1858ರಲ್ಲಿ, ಎರಾಸ್ಮಸ್ ಬಾಂಡ್‌ಗೆ. ‘ಜಿನ್ ಅಂಡ್ ಟಾನಿಕ್’ ಎಂಬ ಮಾತು ಮೊದಮೊದಲು ಅಚ್ಚಿನಲ್ಲಿ ಕಾಣುವುದು 1868ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನ ಕುದುರೆ ರೇಸಿನ ವರದಿಯಲ್ಲಿ. ಅಲ್ಲಿ ಕೇಳಿದವರು ರೋಗಿಗಳಲ್ಲ, ರೇಸ್ ಮುಗಿಸಿ ಬಂದವರು.

ಈಗಿನ ಟಾನಿಕ್ ಅಂತೂ ಔಷಧಿಯಲ್ಲ. ಅಮೆರಿಕದ ಮಿತಿ ಲೀಟರಿಗೆ ಸುಮಾರು 83 ಮಿಲಿಗ್ರಾಂ ಕ್ವಿನೈನ್. ಮಲೇರಿಯಕ್ಕೆ ದಿನಕ್ಕೆ 1,800 ಮಿಲಿಗ್ರಾಂ ಹತ್ತಿರ ಕೊಡುತ್ತಿದ್ದರು. ಭಾಗಿಸಿ ನೋಡಿ, ದಿನಕ್ಕೆ 20 ಲೀಟರ್ ದಾಟುತ್ತದೆ. ಕ್ವಿನೈನ್ ಇದೆಯಾ ಅಂತ ನೋಡಲು ಮಾತ್ರ ಒಂದು ಮಜಾ ದಾರಿ ಇದೆ. ನಮ್ಮ ಮಾವನ ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೀಲಿ ದೀಪ ಇದೆ. ಅದರ ಕೆಳಗೆ ಟಾನಿಕ್ ಲೋಟ ಇಟ್ಟೆ, ತಿಳಿನೀಲಿಯಾಗಿ ಹೊಳೆಯಿತು. ಪಕ್ಕದ ಸೋಡಾ ಹಾಗೇ ಇತ್ತು. ಚಿಟಿಕೆ ಉಪ್ಪು ಹಾಕಿದರೆ ಹೊಳಪು ಮಂಕಾಗುತ್ತದೆ. ನಿಧಾನಕ್ಕೆ ಹಾಕಿ, ನಾನು ಒಮ್ಮೆಲೇ ಹಾಕಿ ನೊರೆಯೆಲ್ಲ ಗಲ್ಲಾ ಮೇಲೆ ಹರಿದು ಬೈಸಿಕೊಂಡೆ.

ಬಾಟಲಿಯ ಮೇಲಿನ 42.8

ನಮ್ಮ ಬಾಟಲಿಗಳ ಮೇಲೆ 42.8% ಅಂತ ವಿಚಿತ್ರ ಅಂಕಿ ಯಾಕೆ? ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 57.1% ಆಲ್ಕೋಹಾಲ್ ಅಂದರೆ 100 ಪ್ರೂಫ್, ಪ್ರೂಫ್ ಅನ್ನುವುದು ಮದ್ಯದ ಕಡುತನದ ಅಳತೆ. ಅದರಿಂದ 25 ಕಡಿಮೆ, ಅಂದರೆ ‘25 ಯು.ಪಿ.’ (ಅಂಡರ್ ಪ್ರೂಫ್). 57.1ರ ಮುಕ್ಕಾಲು ಪಾಲು ಎಷ್ಟು ಅಂತ ಲೆಕ್ಕ ಹಾಕಿ, 42.8 ಬರುತ್ತದೆ. ಆಳಿದವರು ಹೋದರೂ ಅವರ ಲೆಕ್ಕ ಲೇಬಲ್ಲಿನಲ್ಲಿ ಕೂತಿದೆ.

ರುಚಿ ನೋಡುವಾಗ

15 ಮಿ.ಲೀ. ಜಿನ್‌ಗೆ ಅಷ್ಟೇ ನೀರು, ಐಸ್ ಬೇಡ. ಹಸಿ ಜಿನ್ ಮೂಗು ಸುಡುತ್ತದೆ, ನೀರು ಬಿದ್ದ ಮೇಲೆ ಘಮ ಬಿಡಿಸಿಕೊಳ್ಳುತ್ತದೆ. ಕೆಲವು ಜಿನ್ ನೀರು ಬಿದ್ದಾಗ ಮಬ್ಬಾಗುತ್ತದೆ. ಕೆಟ್ಟಿದೆ ಅಂತಲ್ಲ, ಮಸಾಲೆಯ ಎಣ್ಣೆ ಹೊರಬಂದದ್ದು. ಮೊದಲು ಪೈನ್ ರಾಳದ ವಾಸನೆ ಹುಡುಕಿ, ನಮ್ಮ ಧೂಪಕ್ಕೆ ಹತ್ತಿರ. ಆಮೇಲೆ ನಿಂಬೆ, ಕೊನೆಗೆ ಮಣ್ಣು ಬೇರಿನ ವಾಸನೆ. ಟಾನಿಕ್ ಹಾಕುವುದಿದ್ದರೆ ಒಂದಕ್ಕೆ ಮೂರು ಸಾಕು, ಟಾನಿಕ್ ತಣ್ಣಗಿರಲಿ, ಐಸ್ ದೊಡ್ಡ ತುಂಡಾಗಿರಲಿ.

ಕುಡಿಯದವರು ಹಿಂಜರಿಯಬೇಡಿ, ಮೂಸಿ ನೋಡಿಯೇ ಕಲಿಯಬಹುದು. ನಮ್ಮ ಪ್ರಾಕ್ಟಿಕಲ್‌ನಲ್ಲಿ ಮೂರನೇ ಗ್ಲಾಸಿನಲ್ಲಿ ಏಲಕ್ಕಿ ಇದೆ ಅಂತ ಮೊದಲು ಹೇಳಿದವಳು ಒಂದು ಹನಿಯೂ ಬಾಯಿಗೆ ಇಟ್ಟಿರಲಿಲ್ಲ. ಅವರ ಮನೆಯದು ಸಕಲೇಶಪುರದ ಕಡೆ ಏಲಕ್ಕಿ ತೋಟ.